ನಾಲ್ಕು ಬಾಗಿಲು

ಬೆಲೆ ಕಟ್ಟಲು ಬಂದವನು
ಮೊದಲು ಬಾಗಿಲು ಎಣಿಸಿದ.
ಎರಡಿದ್ದಿದ್ದರೆ ಕೋಟಿಯ ಮಾತು, ಅಂದ,
ನಾಲ್ಕರದು ಯಾರಿಗೆ ಬೇಕು?
ಫೋನಿನ ಪಟ್ಟಿ ನೋಡುತ್ತ
ಸಕಲೇಶಪುರದ ಬಿಸಿಲಿಗೆ ಕಣ್ಣು ಕಿರಿದು ಮಾಡಿದ.

ಹಮ್ಜಾಕ ಬಾನೆಟ್ಟಿನಡಿಯಿಂದ ತಲೆ ಎತ್ತಲಿಲ್ಲ.

ಹದಿನೇಳು ಅಡಿ ಪ್ಲಿಮತ್ತು.
ದೋಣಿಗಾಲಿನ ತಿರುವಿನಲ್ಲಿ
ಗಬ್ಬದ ಎಮ್ಮೆಯ ಹಾಗೆ ವಾಲುತ್ತದೆ,
ಲೀಟರಿಗೆ ನಾಲ್ಕೇ ಕಿಲೋಮೀಟರು.
ಹಿಂದಿನ ಸೀಟಿನಲ್ಲಿ ಒಮ್ಮೆ
ಐದು ಜನ, ಒಂದು ಹಾರ್ಮೋನಿಯಂ,
ಕೊಯ್ದ ಹಲಸಿನ ಹಣ್ಣು;
ಆ ವಾಸನೆ ಇನ್ನೂ ಹೋಗಿಲ್ಲ.

‘ಇಟ್ಟುಕೊಂಡು ಏನು ಲಾಭ?’

ನಾನು ಬಾಯಿ ತೆರೆಯುವಷ್ಟರಲ್ಲಿ
ಹಮ್ಜಾಕ ಕೈ ಒರೆಸಿಕೊಂಡರು.
ಹಿಂದಿನ ಎಡಬಾಗಿಲು ತೆಗೆದು, ಬಿಟ್ಟರು.
ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು:
ಧಪ್.

‘ಕೇಳಿಸ್ತಾ?’

ಬಂದವನು ಫೋನು ಜೇಬಿಗಿಳಿಸಿ
ಬಲಗಡೆಯದನ್ನು
ತಾನೇ ತೆಗೆದ.