ತಿದ್ದುಪಡಿ

ಮೂವತ್ತೊಂದು ವರ್ಷ ಈ ಬೆರಳುಗಳೇ ಟೈಪು ಮಾಡಿದ್ದು:
‘ಸಾಕ್ಷಿ ಕಿವುಡಿ ಮತ್ತು ಮೂಗಿ.’
ದಾವಣಗೆರೆ ಕೋರ್ಟಿಗೆ ಇವತ್ತು ಸುತ್ತೋಲೆ:
ಹಳೆಯ ಪದ ಕೂಡದು,
‘ವಾಕ್ ಶ್ರವಣ ದೋಷವುಳ್ಳವರು’ ಎನ್ನತಕ್ಕದ್ದು.

ಕಟಕಟೆಯಲ್ಲಿ ಜೈತುನ್‌ಬಿ.
ಮಂಡಕ್ಕಿ ಭಟ್ಟಿಯ ಕೂಲಿ ಬಾಕಿಯ ದಾವೆ.
ಸೆರಗಿನಂಚಿಗೆ ಇನ್ನೂ ಭತ್ತದ ಹೊಟ್ಟು.

ಹೊಸ ಪದ ತೋರಿಸಿದೆ.
ದುಭಾಷಿ ಹುಡುಗ ಕೈಯಲ್ಲಿ ಬಿಡಿಸಿ ಹೇಳಿದ.
ಆಕೆ ‘ದೋಷ’ದ ಮೇಲೆ ಬೆರಳಿಟ್ಟಳು,
ಜರಡಿಯಲ್ಲುಳಿದ ಹರಳು ಹೆಕ್ಕುವ ಹಾಗೆ.

ಕಿವಿ ಮುಟ್ಟಿಕೊಂಡಳು: ಕಿವುಡಿ, ಹೌದು, ಇರಲಿ.
ಮೂಗಿ?
ಎರಡೂ ಕೈ ಎತ್ತಿ ಅದೆಷ್ಟು ಮಾತಾಡಿದಳೆಂದರೆ
ಸಾಹೇಬರು ಪೆನ್ನು ಕೆಳಗಿಟ್ಟರು,
ಭಟ್ಟಿ ಮಾಲೀಕ ಚಪ್ಪಲಿ ನೋಡಿಕೊಂಡ.

ಆ ಜಾಗ ಖಾಲಿ ಬಿಟ್ಟು
ಮುಂದಿನ ಸಾಲಿಗಿಳಿದೆ:
‘ಜೈತುನ್‌ಬಿ ಹೇಳಿದ್ದೇನೆಂದರೆ...’