ಅಳತೆ ಪುಸ್ತಕ

ಆತ್ಮಕತೆ ಬರೆಯಿರಿ ಎಂದೆ ಮೋನಬ್ಬ ಟೈಲರಿಗೆ.
ತುಟಿಯಲ್ಲಿ ಗುಂಡುಸೂಜಿ, ಅರ್ಧವೇ ನಕ್ಕರು.
ಮನಾಮದ ಗಲ್ಲಿ; ಬಕೆಟ್ಟಿಗೆ ಎಸಿ ತೊಟ್ಟಿಕ್ಕುವ ಸದ್ದು.
ಮೂವತ್ತೆಂಟು ವರ್ಷದ ಅಳತೆ ಪುಸ್ತಕ ತೆಗೆದು
ಓದು ಅಂತ ಮಡಿಲಿಗಿಟ್ಟರು.

ಮೀನು ಮಾರುವ ಜಾಸಿಮ್, ಎದೆ ನಲವತ್ತೆರಡು.
ಮರುವರ್ಷ ಮೂವತ್ತಾರು.
ಅದರಾಚೆ ಅದೇ ತೋಬು, ಮಗನ ಅಳತೆಗೆ.

ನರ್ಸ್ ಲೀಲಮ್ಮ: ಸೊಂಟದೆದುರು ಅಂಕಿಯಿಲ್ಲ,
‘ಸಡಿಲ ಬಿಡಿ, ಯಾರಿಗೂ ಹೇಳಬೇಡಿ.’

ತೊಂಬತ್ತರ ಆಗಸ್ಟು: ಎರಡು ಹಾಳೆ ಖಾಲಿ.
ಆಗ ಯಾರು ಹೊಸ ಬಟ್ಟೆ ಹೊಲಿಸುತ್ತಾರೆ, ಮಾರಾಯ!

ಇದರಲ್ಲಿ ನೀವೆಲ್ಲಿ?
ಪೆಡಲ್ ನಿಲ್ಲಿಸಿ ಕೊನೆಪುಟ ತಿರುವಿದರು:
ಮಗಳು ಸಫಿಯಾ, ಲಂಗದ ಉದ್ದ ಹದಿನಾಲ್ಕು.
ಕೆಳಗೆ ಹದಿನಾರು, ಹತ್ತೊಂಬತ್ತು, ಇಪ್ಪತ್ತನಾಲ್ಕು.
ಎಲ್ಲ ಇಲ್ಲಿಂದಲೇ ಅಂದಾಜು.
ಊರಿಗೆ ಹೋದಾಗೆಲ್ಲ
ನಾಲ್ಕು ಬೆರಳು ಗಿಡ್ಡ.