ಮುಂದೆ ಕೂರುವ ದ

ಜನವರಿ. ದೋಮ್ಖರಿನ ಹೊಳೆಗೆ
ಮೇಲೆ ಗಾಜು, ಒಳಗೆ ಗುಸುಗುಸು.
ಶಾಲೆಗೆ ರಜೆ, ನಮಗೆ ಪಾಠ.
ಬುಖಾರಿಯ ಸುತ್ತ ಹನ್ನೊಂದು ಮಕ್ಕಳು,
ರಸ್ತೆ ಕೆಲಸದ ನಾವು ಮೂವರು ಹೆಂಗಸರು.
ಡಾಂಬರು ಇನ್ನೂ ಬಿಡದ ಉಗುರು
ಮಸಿ ಬಳಿದ ಹಲಗೆಯ ಮೇಲೆ.

ಗೆರ್ಗನ್ ಮುಟುಪ್ ಹೇಳುತ್ತಾರೆ:
ಪದವೆಂದರೆ ಮದುವೆಮನೆಯ ಗ್ರಲ್,
ಕೂರುವ ಸಾಲು. ಯಾರ ಜಾಗ ಎಲ್ಲೋ ಅಲ್ಲೇ.
ನಡುವೆ ಯಜಮಾನ, ಮೂಲಾಕ್ಷರ.
ಅವನ ಮುಂದೆ ಕೂರುವ ಹಕ್ಕು ಐವರಿಗೆ ಮಾತ್ರ:
ಗ, ದ, ಬ, ಮ, ಮತ್ತೆ ಉಸಿರಿನಂಥ ಅ.
ಹಿಂದೆ ಕೂರಲು ಹತ್ತು ಜನ.
ರ, ಲ, ಸ ಹೆಗಲೇರುವ ಮೊಮ್ಮಕ್ಕಳು.
ಕಾಲಬುಡದಲ್ಲಿ ಬೆಕ್ಕಿನ ಹಾಗೆ ಯ, ರ.

ಎಂಟು ಅಂತ ಬರೆಯಲು ಐದು ಅಕ್ಷರ.
ಬ ರ ಗ ಯ ದ.
ಬಾಯಿಗೆ ಬಂದದ್ದು ಬರೀ ರ್ಗ್ಯತ್.
‘ಹಾಗಾದರೆ ಈ ಬ ಊಟಕ್ಕೆ ಮಾತ್ರ ಬಂದವನಾ?’
ಓತ್ಸಲ್ ಕೇಳಿದ, ಏಳು ವರ್ಷದವ.
ಗೆರ್ಗನ್ ನಕ್ಕರು. ಅವರ ಹಲ್ಲಿನ ಸಾಲಿನಲ್ಲೂ
ಒಂದು ಲೋಪ.

ಊರಿಗೆ, ಹೊಳೆಗೆ, ಅವಳಿಗೆ ಎನ್ನಲು
ನಮ್ಮ ಬಾಯಿಗೆ ಒಂದು ಲಾ ಸಾಕು;
ಪುಸ್ತಕಕ್ಕೆ ಏಳು ಬೇಕು.
ಹಿಂದೆ ಸ ಇದ್ದರೆ ಸು,
ಗ ಇದ್ದರೆ, ಬ ಇದ್ದರೆ ತು,
ನ ಇದ್ದರೆ, ಮ ಇದ್ದರೆ ದು...
ಬಾಗಿಲು ಒಂದೇ, ಬೀಗದ ಕೈ ಏಳು.
ಗೊಂಚಲು ತಡಕುತ್ತ ಚಳಿಯಲ್ಲಿ ನಿಂತಿದ್ದೇನೆ.

ಮನೆಗೆ ಹೋಗಿ ಜೋರಾಗಿ ಓದಿದೆ:
‘ಚಹಾದಲ್ಲಿ ಉಪ್ಪು ಇದೆ.’ ಇದೆ ಅಂದರೆ ಯೋದ್.
ಅಬಿ ಚಹಾ ಕಡೆಯುವುದು ನಿಲ್ಲಿಸಿದಳು.
‘ಉಪ್ಪು ಹಾಕಿದವಳು ನೀನಾ? ಹಾಗಿದ್ದರೆ ಯೋತ್.
ಕಣ್ಣಿಂದ ಕಂಡೆಯಾ? ಆಗ ದುಕ್.
ಕುಡಿದು ತಿಳಿದವಳು ರಕ್ ಅನ್ನಬೇಕು.
ನಾಲಗೆಯ ಸಾಕ್ಷಿಗೆ ಬೇರೆಯವರ ಸಹಿ ಹಾಕಿಸುತ್ತಾನಾ
ನಿನ್ನ ಗೆರ್ಗನ್?’
ಮರುದಿನ ಗೆರ್ಗನ್ ಕಿವಿ ಕೆರೆದುಕೊಂಡರು,
ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನೋ ಗೀಚಿಕೊಂಡರು.
ಅಕ್ಷರ ಬಾರದ ಅಬಿಗೆ ಒಂದು ಹಿಡಿ
ಒಣ ಏಪ್ರಿಕಾಟ್ ಕಳಿಸಿದರು.

ಲೇಹದ ಪೇಟೆಯಲ್ಲಿ ಹೊಳೆಗೆ ಟೋಕ್ಪೋ.
ನಾವು ಗ್ರೋಕ್ಪೋ ಅಂದರೆ ನಗುತ್ತಿದ್ದರು, ಹಳ್ಳಿ ನಾಲಗೆ ಅಂತ.
ಈಗ ನೋಡಿದರೆ ಗ ಬರೆದೇ ಇದೆ, ಕೆಳಗೆ ರ,
ಕಲ್ಲಿಗೆ ಕಲ್ಲು ತಾಗಿದ ಹಾಗೆ.
ನನಗೂ ನಗು ಬಂತು. ತಡವಾಗಿ.

ಫೆಬ್ರವರಿ ಕೊನೆಗೆ ನನ್ನ ಹೆಸರಿನ ಸರದಿ.
ದ, ಪ, ಲ. ಒಂದು ಚುಕ್ಕೆ, ತ್ಸೆಗ್.
ಆಮೇಲೆ ಮ, ಝ, ನೆತ್ತಿಯ ಮೇಲೆ ಎತ್ವದ ಗೀರು, ಸ.
‘ನಾನು ಸ್ಪಾಲ್ಝೆಸ್. ಮುಂದೆ ಈ ದ ಯಾಕೆ?’
‘ಬೇರೆ ಕಡೆ ಅದು ಮೂಕ. ನಿಮ್ಮ ಬಾಯಲ್ಲಿ ಸ.
ಬರೆಯುವಾಗ ಮಾತ್ರ ತನ್ನ ಜಾಗ ಬಿಡುವುದಿಲ್ಲ.’
ನಲವತ್ತಮೂರು ವರ್ಷ ಒಬ್ಬ ನನ್ನ ಮುಂದೆ ಕೂತಿದ್ದ.
ಒಂದು ಬಟ್ಟಲು ಚಹಾ ಕೂಡ ಕೊಟ್ಟಿರಲಿಲ್ಲ.

ಮೇ ತಿಂಗಳು. ರಸ್ತೆ ತೆರೆಯಿತು.
ಸಂಬಳದ ದಿನ ಬಾಬು ಮಸಿಪ್ಯಾಡು ತಳ್ಳಿದ,
ನಾನು ಪೆನ್ನು ಕೇಳಿದೆ.
ಬರೆದದ್ದನ್ನು ತಲೆಕೆಳಗು ಮಾಡಿ ನೋಡಿದ.
‘ಏನಿದು?’
‘ಸ್ಪಾಲ್ಝೆಸ್.’
‘ಇಲ್ಲಿ ಪಾಲ್ಜಸ್ ಅಂತಿದೆಯಲ್ಲ.’
‘ಮುಂದೆ ಒಂದು ದ ಇದೆ.’
‘ಎಲ್ಲಿ? ಕೇಳಿಸಲಿಲ್ಲ.’
‘ಕೇಳಿಸುವುದಿಲ್ಲ. ಅದು ಸ ಆಗಿದೆ.’
ನನ್ನ ಹಿಂದೆ ಇಪ್ಪತ್ತು ಜನ, ಗಾಳಿ, ಬಿಸಿಲು.
ಅವನು ನಿಟ್ಟುಸಿರು ಬಿಟ್ಟು ಮತ್ತೆ ಪ್ಯಾಡು ತಳ್ಳಿದ.

ಒತ್ತಿದೆ.
ಅವನು ಹಾಳೆ ಎಳೆದುಕೊಳ್ಳುವ ಮೊದಲು
ಹೆಬ್ಬೆಟ್ಟಿನ ಬಲಭುಜಕ್ಕೆ, ಮೇಲೆ,
ಪೆನ್ನಿನಿಂದ ಒಂದು ತ್ಸೆಗ್ ಇಟ್ಟೆ.